ಲಿನಕ್ಸ್ ಹಾಕ್ಕೊಳ್ಳಿ ಅನ್ನೋ ಮಹಾನುಭಾವರಿಗೆ

ಕಂಪ್ಯೂಟರ್ ಸತಾಯಿಸ್ತಿದೆ ಅಂತ ಬಾಯಿ ಬಿಟ್ರೆ ಸಾಕು, ಪಕ್ಕದಲ್ಲೇ ಒಬ್ಬರು ತಯಾರಾಗಿ ನಿಂತಿರ್ತಾರೆ: "ಲಿನಕ್ಸ್ ಹಾಕ್ಕೊಳ್ಳಿ." ವಿಂಡೋಸ್ ತೆಗೆದು ಅದರ ಜಾಗಕ್ಕೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕ್ಕೊಳ್ಳಿ ಅಂತ ಅರ್ಥ. ಸ್ವಾಮಿ, ನಾನು ಕೇಳಿದ್ದು ಪ್ರಿಂಟರ್ ಯಾಕೆ ಮುಷ್ಕರ ಹೂಡಿದೆ ಅಂತ. ನಲ್ಲಿ ಸೋರ್ತಿದೆ ಅಂದ್ರೆ ಮನೆಯನ್ನೇ ಬದಲಾಯಿಸಿ ಅಂತೀರಲ್ಲ!

ಸರಿ, ಹಾಕ್ಕೊಳ್ಳೋಣ. ಯಾವುದನ್ನ? ಲಿನಕ್ಸ್‌ನಲ್ಲೇ ಹತ್ತಾರು ಬಗೆ. ರಗಳೆ ಶುರುವಾಗೋದೇ ಇಲ್ಲಿ. ಒಬ್ಬರು ಉಬುಂಟು ಅಂದ್ರೆ ಇನ್ನೊಬ್ಬರು ಮಿಂಟ್, ಮತ್ತೊಬ್ಬರು ಫೆಡೋರಾ. ನಾಲ್ಕನೆಯವರು ಹೊಸಬರಿಗೆ ಕಬ್ಬಿಣದ ಕಡಲೆಯಾದ 'ಆರ್ಚ್' ಅಂದು ನಮ್ಮ ಮುಖ ನೋಡಿ ನಗ್ತಾರೆ. ಆಮೇಲೆ ಅವರವರಲ್ಲೇ ಜಗಳ. ಕೇಳಿದೋನು ಯಾರಿಗೂ ನೆನಪಿರಲ್ಲ. ಫೋಟೋಶಾಪ್ ಲಿನಕ್ಸ್‌ಗೆ ಬರಲ್ಲ; ಅದನ್ನೇ ನಂಬ್ಕೊಂಡು ಹೊಟ್ಟೆ ಹೊರೆಯೋರಿಗೆ "ಫೋಟೋ ತಿದ್ದೋಕೆ ಗಿಂಪ್ ಇದೆಯಲ್ಲ" ಅನ್ನೋ ಉಪದೇಶ ಬೇರೆ. ಕೆಲವು ಆನ್‌ಲೈನ್ ಗೇಮ್‌ಗಳಂತೂ ಲಿನಕ್ಸ್ ಅಂದ್ರೆ ಒಳಗೇ ಬಿಟ್ಕೊಳ್ಳಲ್ಲ. ಇದನ್ನೆಲ್ಲ ಮೊದಲೇ ಹೇಳೋರು ಕಡಿಮೆ.

ಹಾಗಂತ ವಿಂಡೋಸ್ ಕಡೆ ಸ್ವರ್ಗವೇನೂ ಇಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗೀತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತಾ ವ್ಯವಸ್ಥೆ ಬೇಕು, ಪ್ರೊಸೆಸರೂ ಮೈಕ್ರೋಸಾಫ್ಟ್‌ನವರ ಪಟ್ಟಿಯಲ್ಲಿರಬೇಕು. ಇವಿಲ್ಲ ಅಂತ ಗಟ್ಟಿಮುಟ್ಟಾಗಿರೋ ಯಂತ್ರವನ್ನ ಗುಜರಿಗೆ ಹಾಕೋಕೆ ಮನಸ್ಸು ಬರುತ್ತಾ? ಬ್ರೌಸರ್, ಮೇಲ್, ಒಂದಿಷ್ಟು ಟೈಪಿಂಗ್, ಇಷ್ಟೇ ಕೆಲಸ ಇರೋರಿಗೆ ಮಿಂಟ್ ಧಾರಾಳ ಸಾಕು. (ಹೌದು, ನಾನೂ ಒಪ್ತೀನಿ.) ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಿ, ಡಿಸ್ಕ್ ಮುಟ್ಟದೇ, ವೈಫೈ, ಸೌಂಡ್ ಎಲ್ಲ ನಡೆಯುತ್ತಾ ಅಂತ ಮೊದಲು ನೋಡ್ಕೋಬಹುದು.

ಇಷ್ಟನ್ನ ಸಮಾಧಾನವಾಗಿ ಹೇಳೋದು ಬಿಟ್ಟು, ಆಜ್ಞೆಗಳನ್ನ ಟೈಪ್ ಮಾಡೋ ಟರ್ಮಿನಲ್ ಕಿಟಕಿ ತೆಗೆದು 'ಸುಡೋ' ಅಂತ ಆಜ್ಞೆಗಳ ಮಂತ್ರ ಶುರು ಮಾಡ್ತಾರೆ ನೋಡಿ, ಅಲ್ಲೇ ನನಗೆ ಮೈ ಉರಿಯೋದು.