ಚೌಕ ಆವರಣ ಹಾಕಿ, ಲೇಖನ ಪಡೆಯಿರಿ

ವಿಕಿಪೀಡಿಯದ ಮೊದಲ ದಿನಗಳಲ್ಲಿ ಲೇಖನ ಅನ್ನಿಸಿಕೊಳ್ಳಲು ಒಂದು ಕಾಮಾ ಸಾಕಿತ್ತು. ತಮಾಷೆ ಅಲ್ಲ. ಆಗಿನ ತಂತ್ರಾಂಶ ಲೇಖನಗಳನ್ನು ಎಣಿಸುವಾಗ ಪುಟದೊಳಗೆ ಕಾಮಾ ಇದೆಯಾ ಅಂತ ಹುಡುಕುತ್ತಿತ್ತು. ಸಿಕ್ಕಿತೋ, ಲೇಖನ. ಸಿಗಲಿಲ್ಲವೋ, ಅದು ಬರೀ ಪುಟ. ಕಾಮಾ ಇದೆ ಅಂದರೆ ವಾಕ್ಯ ಸ್ವಲ್ಪ ಉದ್ದ ಇರಬೇಕು, ವಾಕ್ಯ ಉದ್ದ ಇದೆ ಅಂದರೆ ಬರೆದವರು ಏನೋ ಹೇಳಲು ಹೊರಟಿರಬೇಕು ಅನ್ನುವ ನಂಬಿಕೆ. ಚಿಕ್ಕ ವಾಕ್ಯಗಳಲ್ಲಿ ಚೊಕ್ಕವಾಗಿ ಬರೆದವರ ಪಾಡು? ಅವರು ಲೆಕ್ಕಕ್ಕೇ ಇಲ್ಲ. ಇನ್ನು ಜಪಾನಿ ಬರಹದಲ್ಲಿ ಕಾಮಾದ ಆಕಾರವೇ ಬೇರೆ. ಇಂಥ ಯಂತ್ರದ ಮುಂದೆ ಜಪಾನಿಯಲ್ಲಿ ಪುಟಗಟ್ಟಲೆ ಬರೆದಿಟ್ಟರೂ ಅದಕ್ಕೆ ಕಾಣುವುದು ಸೊನ್ನೆ.

ಆಮೇಲೆ ಸುಧಾರಣೆ ಆಯಿತು. ಕಾಮಾ ಹೋಗಿ ಕೊಂಡಿ ಬಂತು.

ಈಗಿನ ನಿಯಮ ಹೀಗಿದೆ. ಪುಟ ಮುಖ್ಯ ವಿಭಾಗದಲ್ಲಿರಬೇಕು (ಚರ್ಚೆ ಪುಟ, ಸದಸ್ಯರ ಪುಟಗಳ ವಿಭಾಗ ಬೇರೆ). ಇನ್ನೊಂದು ಪುಟಕ್ಕೆ ಸುಮ್ನೆ ತಳ್ಳುವ ಪುನರ್ನಿರ್ದೇಶನ ಆಗಿರಬಾರದು. ಮತ್ತು ಒಳಗೆ ಕನಿಷ್ಠ ಒಂದು ಒಳಕೊಂಡಿ, ಅಂದರೆ ಅದೇ ವಿಕಿಯ ಇನ್ನೊಂದು ಪುಟಕ್ಕೆ ಹೋಗುವ ಕೊಂಡಿ, ಇರಬೇಕು. ಅಷ್ಟೇ. ಏನು ಬರೆದಿದೆ, ನಿಜವಾ ಸುಳ್ಳಾ, ಯಾರಿಗಾದರೂ ಅರ್ಥವಾಗುತ್ತದಾ ಅಂತ ಯಂತ್ರ ಕೇಳುವುದಿಲ್ಲ. ಪಾಪ, ಅದು ಕೇಳಬೇಕಾಗಿಯೂ ಇಲ್ಲ.

ಪ್ರಯೋಗ ಮಾಡಿ ನೋಡೋಣ. ಒಂದು ಹೊಸ ಪುಟದಲ್ಲಿ ‘ನೀರು ಒದ್ದೆ’ ಅಂತ ಬರೆಯಿರಿ. ಇದು ಲೇಖನ ಅಲ್ಲ. ಈಗ ‘ನೀರು [[ಒದ್ದೆ]]’ ಅಂತ ತಿದ್ದಿ ಉಳಿಸಿ; ಜೋಡಿ ಚೌಕ ಆವರಣದೊಳಗೆ ಹಾಕಿದ ಪದ ಕೊಂಡಿಯಾಗುತ್ತದೆ. ಆಯಿತು ನೋಡಿ, ಮನುಕುಲದ ಜ್ಞಾನಭಂಡಾರಕ್ಕೆ ಒಂದು ಲೇಖನ ಸೇರಿತು! ‘ಒದ್ದೆ’ ಅನ್ನುವ ಪುಟವೇ ಇಲ್ಲವಲ್ಲ ಅಂತೀರಾ? ಪರವಾಗಿಲ್ಲ. ಕೊಂಡಿ ಕೆಂಪಗೆ ಕಾಣುತ್ತದೆ, ಆದರೂ ಕೊಂಡಿಯೇ. ಅದು ಎಲ್ಲಿಗೂ ಕರೆದುಕೊಂಡು ಹೋಗದಿದ್ದರೂ ಎಣಿಕೆಗೆ ಬರುತ್ತದೆ.

ಇನ್ನೂ ಚೆಂದದ್ದು ಮುಂದಿದೆ. ಏನೇನೂ ಇಲ್ಲದ ಪುಟ ಕಂಡರೆ ಸಂಪಾದಕರು ಅದರ ಮೇಲೆ ‘ಇದೊಂದು ಚುಟುಕು, ದಯವಿಟ್ಟು ವಿಸ್ತರಿಸಿ’ ಅಂತ ಒಂದು ಟೆಂಪ್ಲೇಟ್, ಅಂದರೆ ಸಿದ್ಧ ಫಲಕ, ಅಂಟಿಸಿ ಹೋಗುತ್ತಾರೆ. ಚುಟುಕು ಅಂದರೇನು ಅಂತ ತಿಳಿಸಲು ಆ ಟೆಂಪ್ಲೇಟಿನಲ್ಲೇ ಸಾಮಾನ್ಯವಾಗಿ ಒಂದು ಕೊಂಡಿ ಇರುತ್ತದೆ. ಟೆಂಪ್ಲೇಟಿನೊಳಗಿನ ಕೊಂಡಿಯೂ ಪುಟದ ಕೊಂಡಿಯೇ. ಅಂದರೆ ‘ಇಲ್ಲಿ ಏನೂ ಇಲ್ಲ’ ಅಂತ ಬೋರ್ಡು ಹಾಕಿದ ಕ್ಷಣದಲ್ಲೇ ಅಲ್ಲಿ ಲೇಖನ ಹುಟ್ಟುತ್ತದೆ. ದೂರು ಕೊಟ್ಟವರೇ ಜನ್ಮ ಕೊಟ್ಟವರು.

ಒಂದೇ ಹೆಸರಿನ ನಾಲ್ಕು ವಿಷಯಗಳಿಗೆ ದಾರಿ ತೋರಿಸುವ ಪುಟಗಳಿವೆಯಲ್ಲ, ಅವುಗಳಲ್ಲಿ ಇರುವುದೆಲ್ಲ ಕೊಂಡಿಯೇ. ಹಾಗಾಗಿ ಅವೂ ಲೆಕ್ಕದಲ್ಲಿ ಲೇಖನ. ಪಟ್ಟಿಗಳೂ ಲೇಖನ. ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಪಟ್ಟಿಗಳ ಪಟ್ಟಿಗಳ ಪಟ್ಟಿ’ ಅನ್ನುವ ಪುಟವೇ ಇದೆ. ಅದರಷ್ಟು ಕೊಂಡಿ ಯಾವ ಪಂಡಿತರ ಬರಹದಲ್ಲಿದೆ ಹೇಳಿ? ಇತ್ತ ಅದೇ ವಿಶ್ವಕೋಶದ ಚರ್ಚೆ ಪುಟದಲ್ಲಿ ಯಾರೋ ನಾಲ್ಕು ರಾತ್ರಿ ನಿದ್ದೆಗೆಟ್ಟು, ಆಧಾರ ಸಮೇತ, ಲೇಖನಕ್ಕಿಂತ ಉದ್ದವಾಗಿ ವಾದ ಬರೆದಿರುತ್ತಾರೆ. ಅದು ಲೇಖನ ಅಲ್ಲ. ವಿಭಾಗ ಬೇರೆ, ಸ್ವಾಮಿ.

ಯಂತ್ರದ್ದು ತಪ್ಪಿಲ್ಲ. ಅದಕ್ಕೆ ಎಣಿಸಲು ಯಾವುದಾದರೂ ಗುರುತು ಬೇಕಿತ್ತು, ಕೊಂಡಿ ಸುಲಭಕ್ಕೆ ಸಿಕ್ಕಿತು. ಟೋಪಿ ಎಣಿಸಿ ಇಷ್ಟು ತಲೆ ಇದೆ ಅಂತ ಅದು ಹೇಳಿತು. ಇಷ್ಟು ಬುದ್ಧಿವಂತರಿದ್ದಾರೆ ಅಂತ ಡಂಗುರ ಹೊಡೆದವರು ನಾವು.

ಡಂಗುರಕ್ಕೇನೂ ಕಡಿಮೆ ಇಲ್ಲ. ಇಂಗ್ಲಿಷ್ ವಿಕಿಪೀಡಿಯದ 10 ಲಕ್ಷದ ಲೇಖನ ಬಂದದ್ದು 2006ರ ಮಾರ್ಚ್ 1ರಂದು. ವಿಷಯ, ಗ್ಲಾಸ್ಗೋ ನಗರದ ಜಾರ್ಡನ್‌ಹಿಲ್ ಅನ್ನುವ ಒಂದು ರೈಲು ನಿಲ್ದಾಣ. ಹುಟ್ಟಿದಾಗ ಅದೂ ಒಂದು ಚುಟುಕೇ. ಅಕ್ಕಪಕ್ಕದ ನಿಲ್ದಾಣಗಳಿಗೆ ಇಲ್ಲದ ಯೋಗ ಅದಕ್ಕೆ ಬಂತು. ಜನ ಮುಗಿಬಿದ್ದು ಒಂದೇ ದಿನದಲ್ಲಿ ನೂರಾರು ಸಲ ತಿದ್ದಿದರು. ಅದು 9,99,999ನೆಯದಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಲ್ವಾ?

ಸಂಖ್ಯೆಯೇ ಮುಖ್ಯ ಅಂದಮೇಲೆ ಮನುಷ್ಯರು ಯಾಕೆ ಕಷ್ಟಪಡಬೇಕು? 2002ರಲ್ಲೇ ಒಂದು ಬಾಟ್, ಅಂದರೆ ತಾನೇ ತಾನಾಗಿ ಪುಟ ಬರೆಯುವ ಪ್ರೋಗ್ರಾಂ, ಅಮೆರಿಕದ ಜನಗಣತಿ ಅಂಕಿಗಳನ್ನು ಹಿಡಿದು, ಸಣ್ಣಪುಟ್ಟ ಊರುಗಳ ಮೇಲೆ ಸುಮಾರು 30,000 ಲೇಖನ ಸುರಿದು ಹೋಗಿತ್ತು. ವೋಲಾಪ್ಯೂಕ್ ಅಂತ ಒಂದು ಭಾಷೆ ಇದೆ. 19ನೇ ಶತಮಾನದಲ್ಲಿ ಜರ್ಮನಿಯ ಪಾದ್ರಿಯೊಬ್ಬರು ಕೂತು ಕಟ್ಟಿದ್ದು. ಇವತ್ತು ಅದನ್ನು ಚೆನ್ನಾಗಿ ಬಲ್ಲವರನ್ನೆಲ್ಲ ಒಂದು ಸಣ್ಣ ಕೋಣೆಯಲ್ಲಿ ಕೂರಿಸಬಹುದು. 2007ರಲ್ಲಿ ಆ ಭಾಷೆಯ ವಿಕಿಪೀಡಿಯ ಬಾಟ್ ಕೃಪೆಯಿಂದ 1 ಲಕ್ಷ ಲೇಖನ ದಾಟಿತು. ಓದುಗರಿಗಿಂತ ಲೇಖನ ಸಾವಿರಾರು ಪಟ್ಟು ಜಾಸ್ತಿ.

ಇದಕ್ಕಿಂತ ದೊಡ್ಡ ಕಥೆ ಫಿಲಿಪೀನ್ಸ್‌ನ ಸೆಬುವಾನೋ ಭಾಷೆಯದು. ಲೇಖನ ಸಂಖ್ಯೆಯಲ್ಲಿ ಇಂಗ್ಲಿಷ್ ಬಿಟ್ಟರೆ ಅದೇ ಮುಂದು. 60 ಲಕ್ಷಕ್ಕೂ ಜಾಸ್ತಿ. ಜರ್ಮನ್, ಫ್ರೆಂಚ್ ಎಲ್ಲ ಅದರ ಹಿಂದೆ. ಹೆಚ್ಚು ಕಡಿಮೆ ಎಲ್ಲವನ್ನೂ ಬರೆದದ್ದು ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ಅವರ ಎಲ್‌ಎಸ್‌ಜೆಬಾಟ್. ಅದು ಕೆಲವು ದಿನ 10,000 ಲೇಖನದವರೆಗೂ ಬರೆಯುತ್ತಿತ್ತಂತೆ. ಒಂದನ್ನು ತೆರೆದರೆ ಕಾಣುವುದು ಇಷ್ಟು: ಇಂಥದ್ದು ಒಂದು ಸರೋವರ. ಇಂಥ ದೇಶದಲ್ಲಿದೆ. ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ. ಅತಿ ಬಿಸಿಲಿನ ತಿಂಗಳು ಇದು, ಅತಿ ಚಳಿಯ ತಿಂಗಳು ಅದು. ಮುಗೀತು. ಅಲ್ಲಿ ಯಾರಾದರೂ ಈಜುತ್ತಾರಾ, ಮೀನು ಇದೆಯಾ, ಅದು ಬತ್ತಿ ಹೋಗಿದೆಯಾ? ಗೊತ್ತಿಲ್ಲ. ಬಾಟ್‌ಗೆ ಕೊಟ್ಟ ದತ್ತಾಂಶದೊಳಗೆ ನಿಜವಾಗಿ ಇಲ್ಲದ ಸರೋವರವೊಂದು ನುಸುಳಿದ್ದರೆ ಅದಕ್ಕೂ ಎತ್ತರ, ಹವಾಮಾನ ಎಲ್ಲ ಸಿಗುತ್ತದೆ. ಕೊಂಡಿ ಅಂತೂ ಇದ್ದೇ ಇರುತ್ತದೆ.

ಇಷ್ಟು ಉದಾರವಾದ ಬಾಗಿಲು ಅಂದುಕೊಂಡು ಮನುಷ್ಯರು ಒಳಗೆ ಬರಲು ಹೋದರೆ ಅಲ್ಲಿ ಬೇರೆಯೇ ಕಾವಲು. ಅದರ ಹೆಸರು ಗಮನಾರ್ಹತೆ. ನಿಮ್ಮ ಬಗ್ಗೆ ನಿಮಗೆ ಸಂಬಂಧವಿಲ್ಲದ ನಂಬಿಕಸ್ಥ ಮೂಲಗಳು ಸಾಕಷ್ಟು ಬರೆದಿರಬೇಕು. ನಿಯಮ ಸರಿಯಾಗಿಯೇ ಇದೆ, ಇಲ್ಲದಿದ್ದರೆ ಎಲ್ಲರೂ ತಮ್ಮ ತಮ್ಮ ಮೇಲೆ ಲೇಖನ ಬರೆದುಕೊಳ್ಳುತ್ತಿದ್ದರು. ಆದರೆ ಅದು ಬೀಳುವ ಕಡೆ ನೋಡಿ. 2007ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಹೋಟೆಲ್ ಮೇಲೆ ಹೊಸದೊಂದು ಚುಟುಕು ಬಂತು. 22 ನಿಮಿಷದಲ್ಲಿ ನಿರ್ವಾಹಕರೊಬ್ಬರು ಅಳಿಸಿ ಹಾಕಿದರು. ಬರೆದವರು ಜಿಮ್ಮಿ ವೇಲ್ಸ್, ಅಂದರೆ ವಿಕಿಪೀಡಿಯದ ಸಹಸ್ಥಾಪಕರು. ದೊಡ್ಡ ರಂಪ ಆಗಿ, ಕೊನೆಗೆ ಲೇಖನ ಉಳಿಯಿತು. ಯಜಮಾನರನ್ನೂ ಬಿಡದ ಕಾವಲು ಅಂತ ಮೆಚ್ಚಬೇಕೋ, ಸಂತೆಯೆಲ್ಲ ಬಿಟ್ಟು ಯಜಮಾನರನ್ನೇ ಹಿಡಿದ ಕಾವಲು ಅಂತ ನಗಬೇಕೋ!

ಡೊನ್ನಾ ಸ್ಟ್ರಿಕ್ಲೆಂಡ್ ವಿಷಯದಲ್ಲಿ ನಗುವುದೂ ಕಷ್ಟ. ಲೇಸರ್ ಭೌತವಿಜ್ಞಾನಿ ಅವರು. 2018ರ ಮೇ ತಿಂಗಳಲ್ಲಿ ಅವರ ಮೇಲಿನ ಕರಡು ಲೇಖನವನ್ನು ಇಂಗ್ಲಿಷ್ ವಿಕಿಪೀಡಿಯ ವಾಪಸ್ ಕಳಿಸಿತು. ಗಮನಾರ್ಹ ಅಂತ ತೋರಿಸಲು ಕೊಟ್ಟ ಆಧಾರ ಸಾಲದು ಅಂತ ಕಾರಣ. ಅದೇ ವರ್ಷ ಅಕ್ಟೋಬರ್ 2ಕ್ಕೆ ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಆ ಬಹುಮಾನ ಪಡೆದ ಮೂರನೇ ಮಹಿಳೆ ಅವರು. ಆಮೇಲೆ ಲೇಖನ ಎಷ್ಟು ಬೇಗ ಆಯಿತು ಅಂತ ಹೇಳಬೇಕಾಗಿಲ್ಲ. ಅಷ್ಟು ದಿನವೂ ಅಮೆರಿಕದ ಆ ಸಾವಿರಾರು ಊರುಗಳು ಅದೇ ವಿಶ್ವಕೋಶದಲ್ಲಿ ಹಾಯಾಗಿ ಕೂತಿದ್ದವು. ಅಧಿಕೃತವಾಗಿ ಗುರುತಿಸಿದ ಊರು ಸಾಮಾನ್ಯವಾಗಿ ಹುಟ್ಟಿನಿಂದಲೇ ಗಮನಾರ್ಹ. ಊರಿಗೆ ಯಾರೂ ನೊಬೆಲ್ ಕೇಳುವುದಿಲ್ಲ.

ಬರೀ ಲೇಖನ ಸಂಖ್ಯೆ ನಂಬಿದರೆ ಮರ್ಯಾದೆ ಹೋಗುತ್ತದೆ ಅಂತ ವಿಕಿ ಮಂದಿಗೂ ಹೊಳೆಯಿತು. ವಿಕಿಪೀಡಿಯದ ಹೆಬ್ಬಾಗಿಲ ಪುಟದಲ್ಲಿ ಗೋಳದ ಸುತ್ತ ಹತ್ತು ಭಾಷೆಗಳ ಹೆಸರಿವೆಯಲ್ಲ, ಅವನ್ನು ಆರಿಸಲು ಲೇಖನ ಸಂಖ್ಯೆ ಬಿಟ್ಟು ಪುಟವೀಕ್ಷಣೆ ನೋಡುವ ಪದ್ಧತಿ ಬಂತು. ಜೊತೆಗೆ ‘ಆಳ’ ಅನ್ನುವ ಹೊಸ ಅಳತೆಯೂ ಬಂತು. ಒಂದು ಲೇಖನಕ್ಕೆ ಸರಾಸರಿ ಎಷ್ಟು ತಿದ್ದುಪಡಿ ಆಗಿದೆ, ಲೇಖನಗಳಿಗೆ ಹೋಲಿಸಿದರೆ ಲೇಖನ ಅಲ್ಲದ ಪುಟಗಳು ಎಷ್ಟಿವೆ ಅಂತೆಲ್ಲ ಗುಣಿಸಿ ತೆಗೆಯುವ ಅಂಕಿ ಇದು. ಬಾಟ್ ಸುರಿದು ಹೋದ ಕಡೆ ಇದು ತಳ ಕಚ್ಚುತ್ತದೆ. ಒಳ್ಳೆಯದೇ. ಆದರೆ ಲೆಕ್ಕ ಬಿಡಿಸಿ ನೋಡಿ. ಚರ್ಚೆ ಪುಟ, ಸದಸ್ಯರ ಪುಟ, ಪುನರ್ನಿರ್ದೇಶನ ಎಲ್ಲವೂ ಆಳ ಹೆಚ್ಚಿಸುತ್ತವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಿ, ಮೊದಲನೆಯವರು ಮತ್ತೆ ಹಾಕಿದರೆ ಅದೂ ತಿದ್ದುಪಡಿಯೇ, ಆಳಕ್ಕೆ ಸಂದಾಯ. ಹೊಸ ಲೇಖನ ಬರೆದರೆ ಮಾತ್ರ ಭಾಜಕ ದೊಡ್ಡದಾಗಿ ಆಳ ಇಳಿಯುತ್ತದೆ. ಹಾಗಾಗಿ ನಿಮ್ಮ ಭಾಷೆಯ ವಿಶ್ವಕೋಶ ಆಳವಾಗಬೇಕು ಅಂತಿದ್ದರೆ ದಯವಿಟ್ಟು ಲೇಖನ ಬರೆಯಲು ಹೋಗಬೇಡಿ. ಇರುವುದರ ಮೇಲೆ ಜಗಳ ಶುರು ಮಾಡಿ.