ಹುಡುಗೀರು ಪರ್ಚೇಸ್‌ಗೆ ಬರಲ್ಲ ಅಂತೀರಲ್ಲ, ಬಂದವಳನ್ನು ಏನು ಕೇಳಿದಿರಿ?

ಇವತ್ತು ಬೆಳಿಗ್ಗೆ ನಮ್ಮ ಪರ್ಚೇಸ್‌ಗೆ, ಅಂದರೆ ಕಂಪನಿಗೆ ಬೇಕಾದ ಪಾರ್ಟು, ಸಾಮಾನು ಕೊಳ್ಳುವ ವಿಭಾಗಕ್ಕೆ, ಇಂಟರ್‌ವ್ಯೂ ಇತ್ತು. ಮನೆಗೆ ಬಂದು ಎರಡು ಸಲ ಕಾಫಿ ಕುಡಿದೆ, ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಓದಿ.

ಬಂದಿದ್ದವಳು ತುಮಕೂರು ಕಡೆಯ ಹುಡುಗಿ. ಮೆಕ್ಯಾನಿಕಲ್ ಓದಿದ್ದಾಳೆ. ಚಿಕ್ಕ ಕಂಪನಿಯೊಂದರಲ್ಲಿ ಎರಡು ವರ್ಷ ಸ್ಟೋರ್ಸ್ ನೋಡಿಕೊಂಡಿದ್ದಾಳೆ. ಒಂದು ಪಾರ್ಟಿನ ಡ್ರಾಯಿಂಗ್ ಕೈಗೆ ಕೊಟ್ಟೆ. ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋದು) ಎಲ್ಲಿ ಬಿಗಿಯಾಗಿದೆ, ಅದರಿಂದ ರೇಟು ಯಾಕೆ ಏರುತ್ತದೆ ಅಂತ ನಾನು ಕೇಳುವ ಮೊದಲೇ ಹೇಳಿದಳು. ನನಗೆ ಅಲ್ಲೇ ಖುಷಿಯಾಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ನಮ್ಮ ಹಿರಿಯರೊಬ್ಬರು ಶುರು ಮಾಡಿದರು. "ವೆಂಡರ್ ವಿಸಿಟ್ ಇರುತ್ತಮ್ಮಾ, ಮಾಲು ಕೊಡೋರ ಶೆಡ್ಡಿಗೆಲ್ಲ ಹೋಗ್ಬೇಕು. ಪೀಣ್ಯ, ಬೊಮ್ಮಸಂದ್ರ, ಒಂದೊಂದ್ಸಲ ಹೊಸೂರು, ಕೊಯಮತ್ತೂರು. ಮನೇಲಿ ಒಪ್ತಾರಾ? ನಾಳೆ ಮದುವೆ ಆದ್ಮೇಲೆ ಏನ್ ಮಾಡ್ತೀಯಾ?"

ಅವಳಿಗಿಂತ ಮುಂಚೆ ಇಬ್ಬರು ಹುಡುಗರು ಬಂದು ಹೋಗಿದ್ದರು. ಮನೇಲಿ ಒಪ್ತಾರಾ ಅಂತ ಅವರನ್ನು ಯಾರೂ ಕೇಳಲಿಲ್ಲ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹೋಗ್ತೀನಿ ಸರ್. ಅಲ್ಲಿ ಟಾಯ್ಲೆಟ್ ಇರುತ್ತಾ?" ಅಂದಳು.

ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಉತ್ತರ ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. 2003ರಲ್ಲಿ ಈ ಕೆಲಸಕ್ಕೆ ಸೇರಿದೆ. ಆಗ ಪೀಣ್ಯಕ್ಕೆ ಮೆಟ್ರೋ ಇರಲಿಲ್ಲ, ಅದು ಬಂದಿದ್ದು 2014ರಲ್ಲಿ. ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸು ಇಳಿದು, ಲಾರಿಗಳ ನಡುವೆ, ಕೆಸರು ದಾಟಿಕೊಂಡು ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದ ಶೆಡ್‌ಗಳಿಗೆ ನಡೆಯುತ್ತಿದ್ದೆ. ನಡೆಯೋದು ಕಷ್ಟ ಅನಿಸಲಿಲ್ಲ. ಲಾರಿ ಡ್ರೈವರ್‌ಗಳು ದಾರಿ ಬಿಡುತ್ತಿದ್ದರು, ಟೀ ಅಂಗಡಿಯವರು ಶೆಡ್ ತೋರಿಸುತ್ತಿದ್ದರು. ಕಷ್ಟ ಆಗಿದ್ದು ಬೇರೆ. ಹತ್ತು ಜನ ಲೇತ್ ಮೇಲೆ ಲೋಹ ಕಡೆಯುವ ಟರ್ನಿಂಗ್ ಶಾಪ್‌ನಲ್ಲಿ ಹೆಂಗಸರಿಗೆ ಅಂತ ಒಂದು ಬಾಗಿಲು ಇರುತ್ತಿರಲಿಲ್ಲ. ಇರೋ ಒಂದೇ ಟಾಯ್ಲೆಟ್‌ಗೆ ಚಿಲಕ ಇಲ್ಲ, ನೀರಿಲ್ಲ. ವಿಸಿಟ್ ಇರುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟೆ. ವರ್ಷಗಟ್ಟಲೆ ಹಾಗೇ ಮಾಡಿದೆ. ಮತ್ತೆ ಮತ್ತೆ ಉರಿಮೂತ್ರ, ಜ್ವರ. ಡಾಕ್ಟರಮ್ಮ "ನೀರು ಯಾಕೆ ಕುಡಿಯಲ್ಲ ನೀವು?" ಅಂತ ಬೈದರು. ಯಾಕೆ ಅಂತ ಅವರಿಗೂ ಹೇಳಲಿಲ್ಲ, ಆಫೀಸಿನಲ್ಲೂ ಹೇಳಲಿಲ್ಲ. ಹೇಳಿದ್ದರೆ "ಹಾಗಾದ್ರೆ ನೀವು ವಿಸಿಟ್‌ಗೆ ಹೋಗೋದು ಬೇಡ ಬಿಡಿ" ಅನ್ನುತ್ತಿದ್ದರು. ಆ ಮಾತಿಗೆ ಹೆದರಿದ್ದೆ.

ಯಾಕೆ ಹೆದರಿಕೆ ಅಂದರೆ, ಪರ್ಚೇಸ್‌ನಲ್ಲಿ ವಿಸಿಟ್ ಕೈತಪ್ಪಿದರೆ ಕೆಲಸವೇ ಹೋದಂತೆ. ಒಂದು ಉದಾಹರಣೆ ಹೇಳುತ್ತೇನೆ. ಒಂದು ಟರ್ನಿಂಗ್ ಪಾರ್ಟ್ ಇತ್ತು. ತಿಂಗಳಿಗೆ 8,000 ಪೀಸ್. ಕೊಟೇಶನ್‌ನಲ್ಲಿ ಒಂದು ಪೀಸ್‌ಗೆ 4 ನಿಮಿಷ ಮೆಷಿನ್ ಟೈಮ್ ಹಾಕಿದ್ದರು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು, ಮೂರು ಕೊಟೇಶನ್‌ನಲ್ಲಿ ಅದೇ ಕಡಿಮೆ. ನಾನು ಶೆಡ್‌ಗೆ ಹೋಗಿ ಮೆಷಿನ್ ಪಕ್ಕ ನಿಂತು ಗಡಿಯಾರ ನೋಡಿದೆ. ಎರಡೂವರೆ ನಿಮಿಷ! ತಿರುಗಿ ನೋಡಿದರೆ ಮೂಲೆಯಲ್ಲಿ ಸ್ಕ್ರ್ಯಾಪ್ ಡ್ರಮ್ಮುಗಳು ತುಂಬಿ ನಿಂತಿವೆ. 1.2 ಕೆಜಿ ರಾಡ್ ಹಾಕಿದರೆ ಪೀಸ್ ಆಗೋದು 700 ಗ್ರಾಂ. ಉಳಿದ ಅರ್ಧ ಕೆಜಿ ಮಾರಿದ ದುಡ್ಡನ್ನು ರೇಟಿನಲ್ಲಿ ಕಳೆದೇ ಇರಲಿಲ್ಲ. ಅಲ್ಲೇ ಸ್ಟೂಲ್ ಮೇಲೆ ಕೂತು ಲೆಕ್ಕ ಹಾಕಿದೆವು. ತಿಂಗಳಿಗೆ 200 ಗಂಟೆ ಮೆಷಿನ್ ಟೈಮ್ ಜಾಸ್ತಿ ಹಾಕಿದ್ದಾರೆ! ಆ ವೆಂಡರ್ ಒಪ್ಪಿಕೊಂಡರು, ಜಗಳ ಆಗಲಿಲ್ಲ. ಇವತ್ತಿಗೂ ದೀಪಾವಳಿಗೆ ಫೋನ್ ಮಾಡುತ್ತಾರೆ. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದರೆ ಇದರಲ್ಲಿ ಒಂದೂ ನನಗೆ ಕಾಣುತ್ತಿರಲಿಲ್ಲ.

"ಹೆಂಗಸರಿಗೆ ಚೌಕಾಸಿ ಹುಟ್ಟಿನಿಂದ ಬರುತ್ತೆ, ತರಕಾರಿ ಮಾರ್ಕೆಟ್ಟಲ್ಲಿ ನೋಡಲ್ವಾ" ಅಂತ ಹೊಗಳುವವರು ಇದ್ದಾರೆ. ದಯವಿಟ್ಟು ಹಾಗೆ ಹೊಗಳಬೇಡಿ. ನಾನು ಮೆಷಿನ್ ಟೈಮ್, ಕಚ್ಚಾ ಮಾಲಿನ ತೂಕ, ಪ್ಲೇಟಿಂಗ್ ರೇಟು ಕಲಿತಿದ್ದು ವರ್ಷಗಳ ಕಾಲ ಶೆಡ್‌ನಿಂದ ಶೆಡ್‌ಗೆ ಅಲೆದು.

ಈಗ ಹೇಳಿ. ಹುಡುಗಿ ಸೇರುತ್ತಾಳೆ. "ಹೊರಗೆ ಹೋಗೋದು ಕಷ್ಟಮ್ಮಾ, ನೀನು ಒಳಗಿನ ಕೆಲಸ ನೋಡ್ಕೋ" ಅಂತ ಪ್ರೀತಿಯಿಂದಲೇ ಹೇಳುತ್ತಾರೆ. ಅವಳು ಪಿ.ಓ. (ಖರೀದಿ ಆರ್ಡರ್) ಎಂಟ್ರಿ ಮಾಡುತ್ತಾಳೆ, ಫೋನಿನಲ್ಲಿ ಫಾಲೋಅಪ್ ಮಾಡುತ್ತಾಳೆ, ಬಿಲ್ ಪಾಸ್ ಮಾಡಿಸುತ್ತಾಳೆ. ಜೊತೆಗೆ ಸೇರಿದ ಹುಡುಗ ಕ್ಯಾಸ್ಟಿಂಗ್ (ಎರಕ) ಮಾಡುವ ಫೌಂಡ್ರಿ ಸುತ್ತಿ ಬರುತ್ತಾನೆ. ಐದು ವರ್ಷ ಆದ ಮೇಲೆ ಮ್ಯಾನೇಜರ್ ಮಾಡುವಾಗ "ಅವಳಿಗೆ ಫೀಲ್ಡ್ ಗೊತ್ತಿಲ್ಲ" ಅನ್ನುತ್ತಾರೆ. ಅವಳು ಬೇಸರಪಟ್ಟು ಬಿಡುತ್ತಾಳೆ. ಆಮೇಲೆ ಇದೇ ಜನ "ಹುಡುಗೀರು ಪರ್ಚೇಸ್‌ನಲ್ಲಿ ನಿಲ್ಲಲ್ಲ" ಅಂತ ಹೇಳಿಕೊಂಡು ತಿರುಗುತ್ತಾರೆ.

ಇಲ್ಲೊಂದು ವಿಷಯ ಒಪ್ಪಿಕೊಳ್ಳಲೇಬೇಕು. ಕೆಲವು ವರ್ಷಗಳ ಹಿಂದೆ ನನ್ನ ಕೈಕೆಳಗೂ ಒಬ್ಬ ಹುಡುಗಿ ಇದ್ದಳು. ಕೊಯಮತ್ತೂರಿನ ಫೌಂಡ್ರಿಗೆ ಎರಡು ದಿನದ ವಿಸಿಟ್ ಬಂತು. ಅವಳ ಮಗು ಚಿಕ್ಕದು. ನಾನು ಅವಳನ್ನು ಕೇಳಲೇ ಇಲ್ಲ. ಹುಡುಗನನ್ನು ಕಳಿಸಿದೆ. ಅವಳಿಗೆ ಒಳ್ಳೆಯದು ಮಾಡಿದೆ ಅಂದುಕೊಂಡಿದ್ದೆ. ಕೆಲಸ ಬಿಡುವ ದಿನ ಅವಳು, "ಮೇಡಂ, ನೀವು ಒಂದ್ಸಲ ಕೇಳಬಹುದಿತ್ತು. ಅಮ್ಮ ಇದ್ರು ಮನೇಲಿ" ಅಂದಳು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ನನಗೇ ಹಾಗೆ ಆಗಿತ್ತಲ್ಲ! 2009ರಲ್ಲಿ ಹೆರಿಗೆ ರಜೆ ಇದ್ದದ್ದು 12 ವಾರ. ಮುಗಿಸಿ ಬರುವಷ್ಟರಲ್ಲಿ ನನ್ನ ಕ್ಯಾಸ್ಟಿಂಗ್ ಖರೀದಿ ಬೇರೆಯವರ ಪಾಲಾಗಿತ್ತು. ನನಗೆ ಸ್ಟೇಷನರಿ, ಫಿನಾಯಿಲ್, ಕ್ಯಾಂಟೀನ್ ಸಾಮಾನು ಕೊಟ್ಟರು. ಎರಡು ವರ್ಷ ಹೋರಾಡಿ ವಾಪಸ್ ತಗೊಂಡೆ. 2017ರ ತಿದ್ದುಪಡಿಯಿಂದ ರಜೆ 26 ವಾರ ಆಗಿದೆ, 50 ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಒಳ್ಳೆಯದೇ. ಆದರೆ ವಾಪಸ್ ಬಂದವಳಿಗೆ ಅವಳ ವೆಂಡರ್‌ಗಳನ್ನು ವಾಪಸ್ ಕೊಡುವವರು ಯಾರು? ಅದನ್ನು ಮ್ಯಾನೇಜರೇ ಮಾಡಬೇಕು. ರಜೆಗೆ ಹೋಗುವ ದಿನವೇ ಬರೆದು ಕೊಡಬೇಕು.

"ಏನಾದ್ರೂ ಆದ್ರೆ ಯಾರು ಹೊಣೆ?" ಅಂತ ಆ ಹಿರಿಯರು ಆಮೇಲೆ ನನ್ನನ್ನು ಕೇಳಿದರು. ಅವರಿಗೂ ಹೆಣ್ಣುಮಕ್ಕಳಿದ್ದಾರೆ, ಕಾಳಜಿ ಸುಳ್ಳಲ್ಲ. ಆದರೆ ಈ ಪ್ರಶ್ನೆಗೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲೇ ಉತ್ತರ ಇದೆ. ಕೆಲಸದ ಮೇಲೆ ಹೋದ ಜಾಗ, ಕಂಪನಿ ಕೊಟ್ಟ ಗಾಡಿ, ಎಲ್ಲವೂ ಕೆಲಸದ ಜಾಗವೇ. ಹೊಣೆ ಕಂಪನಿಯದ್ದು. ಗಾಡಿ ಕೊಡಿ, ಕತ್ತಲಾಗುವ ಮುಂಚೆ ವಿಸಿಟ್ ಮುಗಿಯುವ ಹಾಗೆ ನೋಡಿಕೊಳ್ಳಿ, ದೂರದ ಊರಿಗೆ ಇಬ್ಬರನ್ನು ಕಳಿಸಿ. ಅವಳನ್ನು ಒಳಗೆ ಕೂರಿಸಿದರೆ ಹೊಣೆ ತೀರುವುದಿಲ್ಲ. ಇನ್ನು ಸಂಜೆ ಪಾರ್ಟಿಯಲ್ಲೇ ಡೀಲ್ ಆಗೋದು, ಅಲ್ಲಿಗೆ ಹೆಂಗಸರು ಬರೋಕಾಗಲ್ಲ ಅನ್ನುವವರಿಗೆ ನನ್ನ ಹತ್ತಿರ ಒಂದೇ ಮಾತು. ಅಂಥ ಡೀಲ್ ಇರುವ ಕಡೆ ಮೊದಲು ಆಡಿಟ್ ಆಗಲಿ.

ಕಾಲೇಜುಗಳಲ್ಲಿ ಈ ಕೆಲಸದ ಬಗ್ಗೆ ಹೇಳುವವರು ಕಡಿಮೆ, ಅದೂ ನಿಜ. ಅದಕ್ಕಿಂತ ದೊಡ್ಡ ಬೇಸರ ಇನ್ನೊಂದಿದೆ. ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ವರ್ಷದ ಖರೀದಿಯಲ್ಲಿ 3% ಮಹಿಳೆಯರ ಸಣ್ಣ ಉದ್ದಿಮೆಗಳಿಂದ ಕೊಳ್ಳಬೇಕು ಅಂತ 2018ರಲ್ಲೇ ನಿಯಮ ಬಂತು. ನಮ್ಮ ಬೆಂಗಳೂರಿನಲ್ಲೇ ಎಚ್‌ಎಎಲ್, ಬಿಇಎಲ್, ಬಿಇಎಂಎಲ್ ಇವೆ. ಅಂದರೆ ಮಾರುವ ಹೆಂಗಸರಿಗೆ ಒಂದು ದಾರಿ ಯೋಚಿಸಿದ್ದಾರೆ. ಮೇಜಿನ ಈಚೆ ಕೂತು ಕೊಳ್ಳುವ ಹೆಂಗಸರ ಬಗ್ಗೆ ಯೋಚಿಸಿದವರು ಎಷ್ಟು ಜನ?

ಟಾಯ್ಲೆಟ್ ವಿಷಯಕ್ಕೇ ಬರುತ್ತೇನೆ, ನನ್ನ ತಲೆಯಲ್ಲಿ ಅದೇ ಇದೆ. ಹೊಸ ವೆಂಡರ್‌ಗೆ ಕೋಡ್ ಕೊಟ್ಟು ನಮ್ಮ ಪಟ್ಟಿಗೆ ಸೇರಿಸುವ ಮೊದಲು ನಾವು ಎಷ್ಟು ನೋಡುತ್ತೇವೆ ಗೊತ್ತಾ? ಅಳತೆಯ ಗೇಜ್ ಸರಿ ಇದೆಯಾ ಅಂತ ಕ್ಯಾಲಿಬ್ರೇಷನ್ ಆಗಿದೆಯಾ, ಬೆಂಕಿ ಆರಿಸುವ ಸಿಲಿಂಡರ್ ತಾರೀಖು ಮುಗಿದಿದೆಯಾ, ಐಎಸ್‌ಓ ಸರ್ಟಿಫಿಕೇಟ್ ಇದೆಯಾ. ಗೋಡೆಯ ಬಣ್ಣ ಕೂಡ ನೋಡುತ್ತೇವೆ. ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಅಂತ 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಬರೆದಿತ್ತು. ಆ ಒಂದು ಸಾಲು ನಮ್ಮ ಚೆಕ್‌ಲಿಸ್ಟ್‌ನಲ್ಲಿ ಇರಲಿಲ್ಲ. ಕೊಳ್ಳುವವರು ನಾವು, ಕೇಳಿದರೆ ಕೊಡುತ್ತಾರೆ. ನಾನೇ ಇಷ್ಟು ವರ್ಷ ಕೇಳಲಿಲ್ಲ. ನೀರು ಕುಡಿಯದೆ ಇದ್ದುಬಿಟ್ಟೆ.

ಮಧ್ಯಾಹ್ನ ಚೆಕ್‌ಲಿಸ್ಟ್ ತೆಗೆದು ಸೇರಿಸಿದೆ. "ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ, ನೀರು, ಒಳಗಿನಿಂದ ಚಿಲಕ." ಕ್ವಾಲಿಟಿಯವರು ಎಷ್ಟು ಮಾರ್ಕ್ಸ್ ಅಂತ ಕೇಳಿದರು. ಕ್ಯಾಲಿಬ್ರೇಷನ್‌ಗೆ ಎಷ್ಟಿದೆ ಅಂದೆ. 5 ಅಂದರು. ಇದಕ್ಕೂ 5 ಹಾಕಿಸಿದೆ.

ಹುಡುಗಿಗೆ ಆಫರ್ ಲೆಟರ್ ಹೋಗಿದೆ, ಮುಂದಿನ ತಿಂಗಳು ಸೇರುತ್ತಾಳೆ. ಮೊದಲ ವಾರವೇ ಅವಳನ್ನು ಪೀಣ್ಯಕ್ಕೆ ನಾನೇ ಕರೆದುಕೊಂಡು ಹೋಗುತ್ತೇನೆ. ಆ ಕಡೆ ಶೆಡ್ ಇಟ್ಟುಕೊಂಡಿರುವ ಗೆಳೆಯರು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಎಷ್ಟೋ ಜನ ಇದ್ದೀರಿ. ನಿಮ್ಮಲ್ಲಿ ಅಂಥ ಟಾಯ್ಲೆಟ್ ಇದೆಯಾ? ಕಾಮೆಂಟ್‌ನಲ್ಲಿ ಹೇಳೋಕೆ ಮುಜುಗರ ಆದರೆ ಮೆಸೇಜ್ ಮಾಡಿ. ಆ ವಾರ ಯಾವ ದಾರಿಯಲ್ಲಿ ಹೋಗಬೇಕು ಅಂತ ನಾನು ಅದನ್ನು ನೋಡಿಯೇ ಹಾಕಿಕೊಳ್ಳುತ್ತೇನೆ.