ಊಟ ಮಾಡಲಿಲ್ಲ ಅಂತ ಒಂದು ವರ್ಷ ಸಜೆ

1985ರ ಮಾರ್ಚ್ 29, ಮಧ್ಯಾಹ್ನ ಮೂರೂವರೆ. ಸೇನೆಯ ಒಂದು ಸಿಗ್ನಲ್ ರೆಜಿಮೆಂಟಿನ ಕ್ವಾರ್ಟರ್ ಗಾರ್ಡ್‌ನಲ್ಲಿ, ಅಂದರೆ ಕಾವಲು ಕೋಣೆಯಲ್ಲಿ, ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮನ್ (ಸಂಪರ್ಕ ವಿಭಾಗದ ಜವಾನ) ಕೈಕೋಳದಲ್ಲಿದ್ದರು. ಅವರು ಮಾಡಿದ್ದ ತಪ್ಪೇನು ಗೊತ್ತಾ? ಕಮಾಂಡಿಂಗ್ ಆಫೀಸರ್ ಕಿರುಕುಳ ಕೊಡುತ್ತಿದ್ದಾರೆ ಅಂತ ನೇರವಾಗಿ ಮೇಲಿನವರಿಗೆ ಅರ್ಜಿ ಬರೆದಿದ್ದರು. ಹಾಗೆ ನೇರವಾಗಿ ಬರೆದಿದ್ದಕ್ಕೆ 28 ದಿನ ಕಠಿಣ ಸಜೆ. ಸಜೆ ಕೊಟ್ಟವರು ಅದೇ ಕಮಾಂಡಿಂಗ್ ಆಫೀಸರ್. ಅವತ್ತು ಸುಬೇದಾರರು ಬಂದು ಊಟ ಮಾಡು ಅಂದರು. ಇವರು ಮಾಡಲಿಲ್ಲ. ಆಜ್ಞೆ ಮೀರಿದ ಅಂತ ಮರುದಿನವೇ ಸಮರಿ ಕೋರ್ಟ್ ಮಾರ್ಷಲ್, ಅಂದರೆ ಸೇನೆಯೊಳಗಿನ ಚುಟುಕು ವಿಚಾರಣೆ. ಒಂದು ವರ್ಷ ಕಠಿಣ ಸಜೆ, ಜೊತೆಗೆ ನೌಕರಿಯಿಂದ ವಜಾ.

1987ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ರದ್ದು ಮಾಡಿತು. ತೀರ್ಪು ಬರೆದವರು ನಮ್ಮ ಕನ್ನಡದವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ಯಾರ ಮೇಲೆ ದೂರಿತ್ತೋ ಅವರೇ ವಿಚಾರಣೆಗೆ ಕೂತರೆ ಅದು ವಿಚಾರಣೆಯೇ ಅಲ್ಲ, ತಪ್ಪಿಗೂ ಶಿಕ್ಷೆಗೂ ತಾಳೆ ಇರಬೇಕು ಅನ್ನೋದು ಆ ತೀರ್ಪಿನ ಸಾರ.

ಹಳೇ ಕಥೆ, ಈಗ ಯಾಕೆ ತೆಗೆದೆ ಅನ್ನಬಹುದು. ಸಮರಿ ಕೋರ್ಟ್ ಮಾರ್ಷಲ್ ಇನ್ನೂ ಹಾಗೇ ಇದೆ, ಅದಕ್ಕೆ. 1950ರ ಸೇನಾ ಕಾಯ್ದೆ ಪ್ರಕಾರ ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ಬರೇ ಕೋರ್ಟು. ಪಕ್ಕದಲ್ಲಿ ಇನ್ನಿಬ್ಬರು ಕೂತಿರುತ್ತಾರೆ, ಆದರೆ ತೀರ್ಮಾನದಲ್ಲಿ ಅವರ ಮಾತಿಗೆ ಜಾಗವಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಅದಕ್ಕೆ ಮೇಲಿನವರಾದರೆ ಒಂದು ವರ್ಷದವರೆಗೆ ಜೈಲಿಗೆ ಹಾಕಬಹುದು. ಆರೋಪಿಯ ಕಡೆಗೆ ಒಬ್ಬ ‘ಫ್ರೆಂಡ್’ ಇರಬಹುದು. ಅವರು ಕಿವಿಯಲ್ಲಿ ಸಲಹೆ ಹೇಳಬಹುದು ಅಷ್ಟೇ. ಸಾಕ್ಷಿಯನ್ನು ಪ್ರಶ್ನೆ ಮಾಡುವ ಹಾಗಿಲ್ಲ, ಕೋರ್ಟಿನ ಮುಂದೆ ಮಾತಾಡುವ ಹಾಗೂ ಇಲ್ಲ.

ಇದು ಜವಾನರಿಗೆ ಮತ್ತು ಹವಾಲ್ದಾರ್‌ವರೆಗಿನವರಿಗೆ ಮಾತ್ರ. ಆಫೀಸರ್‌ಗಳನ್ನು ಹೀಗೆ ವಿಚಾರಣೆ ಮಾಡುವಂತಿಲ್ಲ. ಜನರಲ್ ಕೋರ್ಟ್ ಮಾರ್ಷಲ್ ಅಂದರೆ ಕನಿಷ್ಠ ಐದು ಜನ ಆಫೀಸರ್‌ಗಳು, ಕಾನೂನು ಹೇಳೋಕೆ ಜಡ್ಜ್ ಅಡ್ವೊಕೇಟ್, ವಾದ ಮಾಡೋಕೆ ವಕೀಲರು. ಆರೋಪಿ ಆಫೀಸರ್‌ಗಿಂತ ಕಡಿಮೆ ಹುದ್ದೆಯವರನ್ನು ಆದಷ್ಟೂ ಕೂರಿಸಬಾರದು ಅನ್ನೋ ನಿಯಮವೂ ಇದೆ. ಇವೆಲ್ಲ ಒಳ್ಳೆಯ ರಕ್ಷಣೆಗಳೇ. ಬೇಡ ಅಂತ ನಾನು ಹೇಳಲ್ಲ. ಅವು ಜವಾನನಿಗೆ ಯಾಕಿಲ್ಲ ಅನ್ನೋದೇ ನನ್ನ ಸಂಕಟ.

ನಮ್ಮ ದೊಡ್ಡಪ್ಪನ ಮಗ ಜಗಳೂರು ಕಡೆಯವನು, ಸೇನೆಯಲ್ಲಿ ನಾಯಕ್ ಆಗಿದ್ದ. ದೊಡ್ಡಪ್ಪನನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದಾಗ ರಜೆ ಮುಗಿದ ಮೇಲೂ ಉಳಿದುಕೊಂಡ. ವಾಪಸ್ ಹೋದ ಮೇಲೆ ಪೇಶಿ, ಅಂದರೆ ವಿಚಾರಣೆಗೆ ಸಾಹೇಬರ ಮುಂದೆ ಹಾಜರಿ. ಟೋಪಿ, ಬೆಲ್ಟ್ ಬಿಚ್ಚಿಸಿ, ಲೆಫ್ಟ್ ರೈಟ್ ಅಂತ ಕೂಗುತ್ತಾ ಸಾಹೇಬರ ರೂಮಿನೊಳಗೆ ಓಡಿಸಿಕೊಂಡು ಹೋದರಂತೆ. ಆಸ್ಪತ್ರೆಯ ಚೀಟಿ ಜೇಬಲ್ಲೇ ಇತ್ತು. ತೋರಿಸೋಕೂ ಹೇಳಲಿಲ್ಲ. ಎರಡು ನಿಮಿಷದಲ್ಲಿ ಶಿಕ್ಷೆ ಓದಿ ಹೊರಗೆ ಕಳಿಸಿದರು. ಸೇವಾ ದಾಖಲೆಯಲ್ಲಿ ಆ ಶಿಕ್ಷೆ ಕೆಂಪು ಶಾಯಿಯಲ್ಲಿ ದಾಖಲಾಯಿತು, ಅದೇ ರೆಡ್ ಇಂಕ್ ಎಂಟ್ರಿ. ಮನೆಗೆ ಫೋನ್ ಮಾಡಿದಾಗ “ಅಣ್ಣಾ, ಅಪ್ಪಂಗೆ ಮಾತ್ರ ಹೇಳಬೇಡ” ಅಂದ. ಅಷ್ಟೇ ಅಂದಿದ್ದು.

ಕೆಂಪು ಶಾಯಿಯ ಎಂಟ್ರಿ ಅಂದರೆ ಸುಮ್ನೆ ಅಲ್ಲ. ನಾಲ್ಕಾದರೆ ಮನೆಗೆ ಕಳಿಸುವುದು ರೂಢಿಯಾಗಿಬಿಟ್ಟಿತ್ತು. ನಾಲ್ಕು ಎಂಟ್ರಿ ಇದೆ ಅನ್ನೋದೊಂದೇ ಸಾಲದು, ಸರಿಯಾಗಿ ವಿಚಾರಣೆ ಮಾಡಿ, ಎಷ್ಟು ವರ್ಷ ಸೇವೆ ಮಾಡಿದ್ದಾರೆ, ಎಂಥ ಕಷ್ಟದ ಜಾಗದಲ್ಲಿದ್ದರು ಅಂತ ನೋಡಿ ಅಂತ 2015ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಜವಾನನಿಗೆ ಪಿಂಚಣಿ ಸಿಗೋದು 15 ವರ್ಷಕ್ಕೆ. ಹದಿಮೂರು, ಹದಿನಾಲ್ಕು ವರ್ಷಕ್ಕೆ ಹೊರಗೆ ಹಾಕಿದರೆ ಆ ಮನೆಯ ಗತಿ ಏನು?

ಈಗ ಮೇಲಿನ ಕಡೆ ನೋಡಿ. ಪಶ್ಚಿಮ ಬಂಗಾಳದ ಸಿಲಿಗುರಿ ಹತ್ತಿರ ಸುಕ್ನಾದಲ್ಲಿ ಸೇನೆಯ ಒಂದು ದೊಡ್ಡ ಘಟಕವಾದ 33ನೇ ಕೋರ್‌ನ ಕೇಂದ್ರ ಇದೆ. ಅದರ ಪಕ್ಕದ ಸುಮಾರು 70 ಎಕರೆ ಚಹಾ ತೋಟದ ಜಮೀನಲ್ಲಿ ಖಾಸಗಿಯವರು ಶಾಲೆ ಕಟ್ಟೋಕೆ ಸೇನೆಯಿಂದ ಎನ್‌ಒಸಿ ಕೊಟ್ಟಿದ್ದು ದೊಡ್ಡ ಗಲಾಟೆಯಾಯಿತು. ಇಬ್ಬರು ಲೆಫ್ಟಿನೆಂಟ್ ಜನರಲ್‌ಗಳ ಹೆಸರು ಬಂತು. ಒಬ್ಬರು ಕೋರ್ ಕಮಾಂಡರ್ ಪಿ.ಕೆ. ರಥ್. ಇನ್ನೊಬ್ಬರು ದೆಹಲಿಯಲ್ಲಿ ಮಿಲಿಟರಿ ಸೆಕ್ರೆಟರಿ ಆಗಿದ್ದ ಅವಧೇಶ್ ಪ್ರಕಾಶ್, ಅಂದರೆ ಆಫೀಸರ್‌ಗಳ ಬಡ್ತಿ, ಪೋಸ್ಟಿಂಗ್ ನೋಡಿಕೊಳ್ಳುವ ಹುದ್ದೆ. ರಥ್ ಅವರಿಗೆ ಕೋರ್ಟ್ ಮಾರ್ಷಲ್, ದೆಹಲಿಯವರಿಗೆ ಬರೀ ಆಡಳಿತಾತ್ಮಕ ಕ್ರಮ ಅಂತ ಮೊದಲು ತೀರ್ಮಾನವಾಯಿತು. 2010ರ ಜನವರಿಯಲ್ಲಿ ರಕ್ಷಣಾ ಸಚಿವ ಎ.ಕೆ. ಆಂಟನಿ ಅವರೇ ಮಧ್ಯೆ ಬಂದು ಶಿಸ್ತು ಕ್ರಮ ತಗೊಳ್ಳಿ ಅಂದ ಮೇಲೆ ದಾರಿ ಬದಲಾಯಿತು. ಪ್ರಕಾಶ್ ನಿವೃತ್ತಿ ಆಗಬೇಕಿದ್ದಿದ್ದು ಅದೇ ತಿಂಗಳ ಕೊನೆಗೆ.

ರಥ್ ಅವರನ್ನು 2011ರಲ್ಲಿ ತಪ್ಪಿತಸ್ಥರು ಅಂದರು. 2014ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ದೋಷಮುಕ್ತಗೊಳಿಸಿತು. ಒಳ್ಳೆಯದೇ ಆಯಿತು, ತಪ್ಪಿಲ್ಲದವರು ಶಿಕ್ಷೆ ಅನುಭವಿಸಬಾರದು. ಆದರೆ ಅದೇ ಮಂಡಳಿಯ ಬಾಗಿಲು ಜವಾನನಿಗೆ ಎಷ್ಟು ತೆರೆದಿದೆ? ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ವಜಾ ಆಗಿದ್ದರೆ ಅಥವಾ ಮೂರು ತಿಂಗಳಿಗಿಂತ ಜಾಸ್ತಿ ಸಜೆ ಆಗಿದ್ದರೆ ಮಾತ್ರ ಅಲ್ಲಿಗೆ ಹೋಗಬಹುದು. ಅದಕ್ಕಿಂತ ಕಡಿಮೆ ಇದ್ದರೆ ಆ ಬಾಗಿಲು ಮುಚ್ಚಿದೆ.

ಆಡಳಿತಾತ್ಮಕ ಕ್ರಮ ಅಂದರೆ ಬಹಳ ಸಲ ‘ತೀವ್ರ ಅಸಮಾಧಾನ’ ಅಂತ ಒಂದು ಪತ್ರ. ಮೇಜರ್‌ಗೆ ಅದು ದೊಡ್ಡ ಪೆಟ್ಟು, ಬಡ್ತಿ ನಿಂತುಹೋಗಬಹುದು. ನಿವೃತ್ತಿಯ ಹೊಸ್ತಿಲಲ್ಲಿರುವ ಲೆಫ್ಟಿನೆಂಟ್ ಜನರಲ್‌ಗೆ ಹೋಗೋ ಬಡ್ತಿ ಯಾವುದು?

ನಮ್ಮ ಊರಲ್ಲಿ ಸೈನಿಕರು ನಿವೃತ್ತಿಯಾಗಿ ಬಂದರೆ ಹಾರ ಹಾಕಿ, ತೆರೆದ ಜೀಪಲ್ಲಿ ಮೆರವಣಿಗೆ ಮಾಡುತ್ತೇವೆ. ಸೇನೆ ಬಗ್ಗೆ ಒಂದು ಪ್ರಶ್ನೆ ಕೇಳಿದರೆ ಮಾತ್ರ ದೇಶದ್ರೋಹಿ ಥರ ನೋಡುತ್ತೇವೆ. ಆ ಜೀಪಲ್ಲಿ ನಿಂತವನಿಗಾಗಿಯೇ ಅಲ್ವಾ ಕೇಳುತ್ತಿರೋದು? ಗಡಿಯಲ್ಲಿ, ಯುದ್ಧದಲ್ಲಿ ತಕ್ಷಣ ಶಿಸ್ತು ಬೇಕು, ಒಪ್ಪಿದೆ. ಶಾಂತಿ ಕಾಲದ ಕಂಟೋನ್ಮೆಂಟಿನಲ್ಲಿ ಒಬ್ಬರೇ ಕೂತು ಒಬ್ಬನ ಅನ್ನ ಕಿತ್ತುಕೊಳ್ಳುವ ಅಧಿಕಾರ ಯಾಕೆ? ಅಗ್ನಿಪಥದಲ್ಲಿ ನಾಲ್ಕು ವರ್ಷ ಆದ ಮೇಲೆ ಉಳಿಸಿಕೊಳ್ಳೋದು 100ಕ್ಕೆ 25 ಜನರನ್ನು ಮಾತ್ರ. ಅಂಥ ಹುಡುಗ ಸಾಹೇಬರ ಮೇಲೆ ದೂರು ಬರೆಯೋ ಧೈರ್ಯ ಮಾಡುತ್ತಾನಾ? ನನಗಂತೂ ಅನುಮಾನ.

ಮಾಜಿ ಸೈನಿಕರ ಸಂಘದ ಹಿರಿಯರಲ್ಲಿ ಒಂದು ವಿನಂತಿ. ಪಿಂಚಣಿ, ಸೈಟು, ಜಮೀನು ಅಂತ ನೀವು ಡಿಸಿಗೆ, ಸಂಸದರಿಗೆ ಮನವಿ ಕೊಡುತ್ತೀರಿ. ಮುಂದಿನ ಸಲ ಸಂಸದರಿಗೆ ಕೊಡುವ ಮನವಿಯಲ್ಲಿ ಇನ್ನೆರಡು ಸಾಲು ಸೇರಿಸಿ. ಶಾಂತಿ ಕಾಲದಲ್ಲಿ ಸಮರಿ ಕೋರ್ಟ್ ಮಾರ್ಷಲ್ ನಿಲ್ಲಲಿ. ಬ್ರಿಗೇಡಿಯರ್‌ಗಿಂತ ಮೇಲಿನವರ ಮೇಲೆ ತಗೊಂಡ ಪ್ರತಿ ಕ್ರಮವನ್ನೂ ವರ್ಷಕ್ಕೊಮ್ಮೆ ಸಂಸತ್ತಿನ ಮುಂದಿಡಲಿ. ಮನವಿ ಬರೆದುಕೊಡೋಕೆ, ಟೈಪ್ ಮಾಡಿಕೊಡೋಕೆ ನಾನು ಬರುತ್ತೇನೆ.